ಬಚ್ಚ ಪಾತ್ರಿಯ ಕೆಂಪು ಪಟ್ಟೆ

ಮರ ಕೊಯ್ಯುವ ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಅದನ್ನು ಹಿಡಿಯುವವನಿಗೆ ಬೇರೆ ಕೂಲಿ. ಮಾವು ಸ್ವಂತ ಹಿತ್ತಲಿನದೇ ಆದ್ದರಿಂದ ಅದಕ್ಕೆ ದುಡ್ಡಿಲ್ಲ, ಆದರೆ ಮುಂದಿನ ವರ್ಷದಿಂದ ಉಪ್ಪಿನಕಾಯಿಯ ಮಿಡಿಗೆ ಸಂತೆಗೆ ಹೋಗಬೇಕು. ತುಪ್ಪ, ಬಿಳಿ ಬಟ್ಟೆ, ತೆಂಗಿನಕಾಯಿ, ಮಡಕೆ, ಬಂದವರಿಗೆ ಚಹಾ, ಶವ ಇಡಲು ಕುಂದಾಪುರದಿಂದ ತರಿಸಿದ ತಂಪುಪೆಟ್ಟಿಗೆ, ಅದನ್ನು ಹೊತ್ತು ಬಂದ ವ್ಯಾನು. ಚಂದ್ರ ಹಿತ್ತಲಿನಲ್ಲಿ ನಿಂತು ಒಂದೊಂದೇ ಬೆರಳು ಮಡಚುತ್ತ ಹೇಳುತ್ತಿದ್ದ. ಯಂತ್ರದ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಅವನ ತಾಯಿ ಪದ್ದು, ಗಂಡನ ಕಡೆಯ ಸ್ನಾನದ ನೀರಿಗೆ ಒಲೆ ಹಚ್ಚಲು ಬಂದವಳು, ಕೈಯಲ್ಲಿ ತೆಂಗಿನ ಒಣಗರಿಯ ಮಡ್ಲು ಹಿಡಿದುಕೊಂಡು ಸುಮ್ಮನೆ ತಲೆಯಾಡಿಸುತ್ತಿದ್ದಳು. ಮಗನಿಗೆ ಅಳು ಬರುವ ಬದಲು ಲೆಕ್ಕ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಕೆಲವರಿಗೆ ಹಾಗೆ.

ದೊಡ್ಡ ಕೊಂಬೆ ನೆಲಕ್ಕೆ ಬಿದ್ದು ಯಂತ್ರ ನಿಂತಿತು. ಆಗ ಚಂದ್ರನ ಕಡೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"ಪಟ್ಟೆಗ್ ಮಾತ್ರ ಎಂತದೂ ಇಲ್ಲೆ. ಅದ್ ದೈವಸ್ಥಾನದಿಂದ್ಲೇ ಬತ್ತ್."

ಪುಕ್ಕಟೆ ಬರುವ ಸಾಮಾನನ್ನು ಪದ್ದು ಯಾವತ್ತೂ ಎರಡು ಸಲ ತಿರುಗಿಸಿ ನೋಡುವವಳು. ಈಗಲೂ ಮಗನ ಮುಖವನ್ನು ಹಾಗೆಯೇ ನೋಡಿದಳು.

"ನೀನ್ ಒಂದ್ ಮಾತ್ ಹೇಳ್ರೆ ಸಾಕ್ ಅಮ್ಮ. ಇತ್ತ್ ಅಂದ್ರೆ ಆಯ್ತ್."

"ನೀರ್ ಕಾಯ್ಲಿ" ಎಂದಳು ಪದ್ದು, ಒಲೆಯ ಕಡೆಗೆ ಹೋಗುತ್ತ.

ಆ ಒಂದು ಮಾತಿನ ಕತೆ ಹೀಗೆ. ಶಂಕರನಾರಾಯಣದಿಂದ ಒಳಗೆ, ಕೆರೆಹಿತ್ಲು ಎಂಬ ಊರಿನಲ್ಲಿ ಹಾಯ್ಗುಳಿ ಎಂಬ ದೈವದ ಸ್ಥಾನವಿದೆ. ದೈವ ಮೈಮೇಲೆ ಬಂದಾಗ ನಿಂತು ನುಡಿ ಕೊಡುವವನು ಪಾತ್ರಿ. ತಲೆತಲಾಂತರದಿಂದ ಆ ಕೆಲಸ ಪದ್ದುವಿನ ಗಂಡ ಬಚ್ಚನ ಮನೆಯವರದು. ಪಾತ್ರಿ ತೀರಿಕೊಂಡರೆ ಅವನನ್ನು ಬಿಳಿ ಬಟ್ಟೆಯಲ್ಲಿ ಸುಡುವುದಿಲ್ಲ. ದೈವಸ್ಥಾನದಿಂದ ಹರಿವಾಣದಲ್ಲಿ ಕೆಂಪು ರೇಷ್ಮೆಯ ಪಟ್ಟೆ ಬರುತ್ತದೆ, ಅದರ ಮೇಲೆ ಬೆಳ್ಳಿಯ ಕಡಗ. ಸೂತಕದ ಅಂಗಳಕ್ಕೆ ಕಾಲಿಡದೆ, ದೈವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಬೇಲಿಯ ಬಾಗಿಲಾದ ದಣಪೆಯ ಹೊರಗೇ ನಿಂತು, ನೆರೆದವರಿಗೆಲ್ಲ ಕೇಳುವಂತೆ ಕೇಳುತ್ತಾರೆ: ಈ ಮೈಯಲ್ಲಿ ದೈವ ಕಡೆಯವರೆಗೆ ಇತ್ತೋ? ಮನೆಯ ಹಿರಿಯರು ಇತ್ತು ಎನ್ನಬೇಕು. ಆಮೇಲೆ ಪಟ್ಟೆ ಹೊದೆಸುತ್ತಾರೆ. ಕಡಗವನ್ನು ಸತ್ತವನ ಕೈಗೆ ತೊಡಿಸಿ, ತೆಗೆದು, ಅಕ್ಕಿಯ ಮೇಲಿಡುತ್ತಾರೆ. ಸೂತಕ ಕಳೆದ ದಿನ ಅದು ಮಗನ ಕೈಗೆ ಬರುತ್ತದೆ. ಅಪ್ಪನನ್ನು ಕಳಿಸುವ ಮಾತೂ ಮಗನನ್ನು ಕರೆಯುವ ಮಾತೂ ಒಂದೇ.

ಬಚ್ಚನ ವಿಷಯದಲ್ಲಿ ತೊಡಕಿತ್ತು. ಅವನು ಚಂದ್ರ ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಪಟ್ಟೆ ಬಿಚ್ಚಿಟ್ಟವನು. ಆಮೇಲೆ ದೈವಸ್ಥಾನದವರು ಅಲ್ಲಿಂದ ಇಲ್ಲಿಂದ ಪಾತ್ರಿಗಳನ್ನು ಕರೆತಂದರು. ಯಾರೂ ನಿಲ್ಲಲಿಲ್ಲ. ಈಗ ಕಲ್ಲಿನ ಗುಡಿ ಏಳುತ್ತಿದೆ, ಬೇಸಗೆಗೆ ಅದರ ಪ್ರತಿಷ್ಠೆಯ ಬ್ರಹ್ಮಕಲಶ. ಜೋಯಿಸರು ಪ್ರಶ್ನೆ ಇಟ್ಟು, ಹಳೆಯ ಮನೆಯವರೇ ನಿಲ್ಲಬೇಕೆಂದಿದ್ದರು. ಆ ಮಾತು ಇನ್ನೂ ಹಸಿಯಾಗಿರುವಾಗಲೇ, ನಿನ್ನೆ ಮಧ್ಯಾಹ್ನ ಗಂಜಿ ಉಂಡು ಕೈ ತೊಳೆದು ಜಗಲಿಯ ಗೋಡೆಗೆ ಒರಗಿದ ಬಚ್ಚ ಮತ್ತೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಮೊಕ್ತೇಸರ ರಾಜೇಂದ್ರರು ಚಂದ್ರನಿಗೆ ಫೋನು ಮಾಡಿ, ಸಂತಾಪ ಹೇಳಿ, ಅದೇ ಉಸಿರಿನಲ್ಲಿ ಪಟ್ಟೆಯ ಮಾತೂ ಎತ್ತಿದ್ದರು.

*

ಬಚ್ಚ ಪಟ್ಟೆ ಬಿಚ್ಚಿಡುವ ಹಿಂದಿನ ವರ್ಷ, ಅವತ್ತು ದೈವಸ್ಥಾನದಲ್ಲಿ ಕೆಂಡ ಹಾಯುವ ಗೆಂಡಸೇವೆ. ಮಧ್ಯಾಹ್ನವೇ ಮುತ್ತು ಬಚ್ಚನ ಮನೆಯ ಹಿಂಬಾಗಿಲಿಗೆ ಬಂದಿದ್ದಳು. ಮೊಕ್ತೇಸರರ ಮನೆಯಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆಯುವ ಹೆಂಗಸು, ಗಂಡ ಬಿಟ್ಟುಹೋದವಳು, ಸೊಂಟದ ಮೇಲೊಂದು ಮಗು. ಆಗ ರಾಜೇಂದ್ರರ ತಂದೆ ಮೊಕ್ತೇಸರರು. ಅವರ ಮನೆಯ ಸೊಸೆಯ ಚಿನ್ನದ ಸರ ಕಾಣೆಯಾಗಿತ್ತು. ಮನೆಯೊಳಗೆ ಹೋಗಿಬರುತ್ತಿದ್ದ ಹೊರಗಿನವಳು ಇವಳೊಬ್ಬಳೇ. ಪೊಲೀಸು ಬೇಡ, ದೈವದ ಎದುರೇ ಇತ್ಯರ್ಥವಾಗಲಿ ಎಂದಿದ್ದರು ಹಿರಿಯರು. ಹಾಗೆಂದಾಗಲೇ ಊರಿಗೆ ಉತ್ತರ ಗೊತ್ತಿತ್ತು.

"ಪದ್ದಕ್ಕ, ನಾನ್ ಕದೀಲಿಲ್ಲೆ" ಎಂದಿದ್ದಳು ಮುತ್ತು. "ಪಾತ್ರಿಯರ ಬಾಯಗೆ ಅದೊಂದ್ ಮಾತ್ ಬರ್ಲಿ. ನಾನ್ ಬೇರೆ ಎಂತ ಕೇಂತಿಲ್ಲೆ."

ಪದ್ದು ಗಂಡನಿಗೆ ಹೇಳಿದಳು. ಅವನು ಉಪವಾಸದಲ್ಲಿದ್ದ, ಬಾವಿಕಟ್ಟೆಯ ಹತ್ತಿರ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಕೇಳಿಸಿಕೊಂಡ. ಇನ್ನೊಂದು ಕೊಡ ನೀರೆತ್ತಿದ.

ಸಂಜೆ ಪಟ್ಟೆ ಉಟ್ಟು, ಕಡಗ ತೊಟ್ಟು, ಅಡಿಕೆ ಹೂವಿನ ಹಿಂಗಾರದ ಗೊನೆ ಹಿಡಿದು ಗುಡಿಯ ಎದುರು ನಿಂತ. ಡೋಲು ಶುರುವಾಯಿತು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೇ ಅವನ ಹೆಗಲು ಅದುರುತ್ತಿತ್ತು, ಆಮೇಲೆ ಹಿಂಗಾರ ನಡುಗಿ ಹೂವು ಉದುರುತ್ತಿತ್ತು. ಅವತ್ತು ಉದುರಲಿಲ್ಲ. ಡೋಲಿನವರು ಬೆವರೊರೆಸಿಕೊಂಡು ಜೋರು ಮಾಡಿದರು. ಬಚ್ಚ ಕಣ್ಣು ಮುಚ್ಚಿ ನಿಂತೇ ಇದ್ದ. ಹೆಂಗಸರ ಸಾಲಿನಲ್ಲಿದ್ದ ಪದ್ದುವಿಗೆ ಅವನ ಕೈ ಕಾಣುತ್ತಿತ್ತು. ಕಲ್ಲಿನಷ್ಟು ನಿಶ್ಚಲವಾಗಿತ್ತು.

ಅವನು ಕಣ್ಣು ತೆರೆದು, ಹಿಂಗಾರವನ್ನು ಮೆಟ್ಟಿಲ ಮೇಲೆ ಇಟ್ಟ. "ನಿಲ್ಸಿ" ಎಂದ ಡೋಲಿನವರಿಗೆ.

"ಬರ್ಲಿಲ್ಲೆ. ನಾನ್ ಬರೀ ಬಚ್ಚ ನಿಂತದ್."

ಜನ ಗುಸುಗುಸು ಎಂದಿತು. ಹಿರಿಯ ಮೊಕ್ತೇಸರರು ಹತ್ತಿರ ಬಂದು, ತುಟಿ ಅಲ್ಲಾಡಿಸದ ಹಾಗೆ, ಜನ ಕಾದುಕೊಂಡಿದೆ, ಬಾರದಿದ್ದರೂ ಒಂದು ನುಡಿ ಹೇಳಿ ಮುಗಿಸು ಎಂದರಂತೆ. ಬಚ್ಚ ಅದಕ್ಕೆ ಕೊಟ್ಟ ಉತ್ತರವನ್ನು ಮಾತ್ರ ಎಲ್ಲರೂ ಕೇಳಿಸಿಕೊಂಡರು.

"ಬಾರದ್ನ ಬಂತ್ ಅಂದೇಳಿ ಹ್ಯಾಂಗ್ ಹೇಳೂದ್ ಒಡೇರೆ? ಬಚ್ಚನ ಮಾತ್ ಬೇಕಾರೆ ಹೇಳ್ತೆ. ಮುತ್ತು ಕದೀಲಿಲ್ಲೆ. ಇದ್ ದೈವದ್ ನುಡಿ ಅಲ್ಲ, ನಂದ್."

ಹಿಂದಿನಿಂದ ಯಾರೋ ನಕ್ಕರು. ನಿನ್ನ ಮಾತು ಯಾರಿಗೆ ಬೇಕು ಮಾರಾಯ ಎಂದರು ಇನ್ಯಾರೋ. ಬಚ್ಚನ ಮಾತು ಯಾರಿಗೂ ಬೇಡವಾಗಿತ್ತು. ಮುತ್ತುವಿನ ಕೆಲಸ ಹೋಯಿತು. ಬೇರೆ ಮನೆಯವರೂ ಕರೆಯಲಿಲ್ಲ. ಆ ತಿಂಗಳೇ ಅವಳು ಮಗುವನ್ನೆತ್ತಿಕೊಂಡು ಬೈಂದೂರಿನ ಕಡೆಗೆ ಹೊರಟುಹೋದಳು. ಸರ ಇವತ್ತಿಗೂ ಸಿಕ್ಕಿಲ್ಲ.

ಮುಂದಿನ ವರ್ಷದ ಗೆಂಡಸೇವೆಗೂ ಬಚ್ಚ ನಿಂತ. ಬರಲಿಲ್ಲ. ಮರುದಿನ ಪಟ್ಟೆಯನ್ನು ಒಗೆದು, ಒಣಗಿಸಿ, ಮಡಚಿ, ಕಡಗದ ಜೊತೆ ಮೊಕ್ತೇಸರರ ಮನೆಯ ಜಗಲಿಯಲ್ಲಿಟ್ಟು ಬಂದ. ಆಮೇಲೆ ಸಾಯುವವರೆಗೆ ಊರವರ ಹಿತ್ತಲಿಗೆ ಕೆಂಪುಕಲ್ಲಿನ ಪಾಗಾರ ಗೋಡೆ ಕಟ್ಟಿಕೊಂಡು ಬದುಕಿದ. ಊರಿನವರು ಮಾತ್ರ ಅವನನ್ನು ಪಾತ್ರಿ ಎಂದೇ ಕರೆದರು. ಕೆಲವರು ಅಭ್ಯಾಸಕ್ಕೆ, ಕೆಲವರು ಕುಟುಕಲಿಕ್ಕೆ.

*

ಬಚ್ಚನ ಅಕ್ಕ ಅಪ್ಪಿ ಬ್ರಹ್ಮಾವರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಬಂದವಳೇ ತಮ್ಮನ ಕಾಲ ಬಳಿ ಕುಳಿತು ಅತ್ತಳು. ಅಳು ಮುಗಿದ ಮೇಲೆ ಎಲೆ ಅಡಿಕೆ ಕೇಳಿದಳು. ಅಂಗಳದ ಚಪ್ಪರದಡಿ ಕುಳಿತ ಗಂಡಸರು ಬಚ್ಚ ಕಟ್ಟಿದ ಪಾಗಾರಗಳ ಮಾತಾಡುತ್ತಿದ್ದರು. ಅವನು ಹಗ್ಗ ಹಿಡಿದರೆ ಅತ್ತ ಒಂದು ಬೆರಳಿಲ್ಲ, ಇತ್ತ ಒಂದು ಬೆರಳಿಲ್ಲ ಎಂದ ಒಬ್ಬ. ಇನ್ನೊಬ್ಬ ತನ್ನ ಮನೆಯ ಪಾಗಾರ ಮಳೆಗೆ ಬಿದ್ದಾಗ, ತಳಕ್ಕೆ ಸಣ್ಣ ಕಲ್ಲು ಹಾಕಿದ್ದು ತನ್ನದೇ ತಪ್ಪೆಂದು ಬಚ್ಚ ತಾನೇ ಬಂದು ಕಟ್ಟಿಕೊಟ್ಟಿದ್ದನ್ನು ಹೇಳಿದ. ಹಾಗೆ ಹೇಳದಿದ್ದರೆ ಮಳೆಯನ್ನೇ ಬೈದುಕೊಂಡು ಸುಮ್ಮನಿರುತ್ತಿದ್ದೆ ಎಂದೂ ಸೇರಿಸಿದ.

"ಅವ್ನಿಗೆ ಸುಳ್ ಹೇಳುಕ್ ಬತ್ತಿರ್ಲಿಲ್ಲೆ, ಅದೊಂದ್ ರೋಗ" ಎಂದಳು ಅಪ್ಪಿ, ಜಗಲಿಯಿಂದಲೇ. "ನನ್ ಮಗ್ಳ ಮದಿಗೆ ನಾನ್ ಹೊಸ ಸೀರಿ ಉಟ್ಕಂಡ್ ಹ್ಯಾಂಗಿತ್ತಾ ಕೇಂಡ್ರೆ, ಬಣ್ಣ ನಿಂಗಾತ್ತಿಲ್ಲೆ ಅಕ್ಕ ಅಂದ. ಅಷ್ಟ್ ಜನದೆದ್ರಿಗೆ. ಮದಿ ಮುಗಿವರಿಗೆ ಅವ್ನಿಗೆ ಪಾಯ್ಸ ಬಡ್ಸಲಿಲ್ಲೆ ನಾನ್."

ಚಪ್ಪರದಡಿ ನಗು ಎದ್ದು, ಸಾವಿನ ಮನೆಯೆಂದು ನೆನಪಾಗಿ ಅಡಗಿತು. ಪದ್ದುವಿಗೂ ನಗು ಬಂತು, ಹಿಂದೆಯೇ ಕಣ್ಣು ತುಂಬಿತು.

ಆ ಹೊತ್ತಿಗೆ ರಾಜೇಂದ್ರರ ಕಾರು ಬಂತು. ಹಿಂದಿನ ಸೀಟಿನಿಂದ ಒಬ್ಬ ಹರಿವಾಣ ಎತ್ತಿಕೊಂಡು ಇಳಿದ. ಕೆಂಪು ಪಟ್ಟೆ, ಹೊಸದೇ. ಅದನ್ನು ನೋಡಿ ಚಪ್ಪರದಡಿಯ ಗಂಡಸರು ಎದ್ದು ನಿಂತರು. ರಾಜೇಂದ್ರರು ಕೆಟ್ಟ ಮನುಷ್ಯರಲ್ಲ. ತಂದೆಯ ಬಿರುಸು ಅವರಲ್ಲಿ ಇರಲಿಲ್ಲ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಮಾತಾಡುವವರು. ದಣಪೆಯ ಹೊರಗೆ ನಿಂತು ಪದ್ದುವನ್ನು ಕರೆಸಿಕೊಂಡರು. ಹಳೆಯದನ್ನೆಲ್ಲ ಮರೆಯೋಣ ಎಂದರು. ಆ ದಿನ ಬಚ್ಚಣ್ಣನಿಗೆ ಮೈ ಸರಿಯಿರಲಿಲ್ಲ, ಹಾಗಾಗಿ ಮಾತು ಹೆಚ್ಚುಕಡಿಮೆಯಾಯಿತು ಎಂದು ಊರು ಒಪ್ಪಿಕೊಳ್ಳುತ್ತದೆ, ನೀವು ಇತ್ತು ಎಂದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಪಾತ್ರಿಯ ಮನೆಗೆ ಮೊದಲಿನಂತೆ ಅಕ್ಕಿಮುಡಿ ಬರುತ್ತದೆ, ಹಬ್ಬದ ಕಾಣಿಕೆಯಲ್ಲಿ ಪಾಲು ಬರುತ್ತದೆ.

"ಒಳ್ಳೆ ಮನ್ಸ ಪದ್ದಕ್ಕ ಅವ್ರ್. ಮರ್ಯಾದಿಯಲ್ಲೇ ಕಳ್ಸುವ."

ಅವರ ದನಿಯಲ್ಲಿ ಕಪಟ ಇರಲಿಲ್ಲ. ಅದೇ ಪದ್ದುವಿಗೆ ಕಷ್ಟವಾಯಿತು. ನೀರು ಕಾದಿದೆಯೋ ನೋಡಿ ಬರುತ್ತೇನೆಂದು ಹೇಳಿ ಬಚ್ಚಲಿಗೆ ಹೋದಳು. ಚಂದ್ರ ಹಿಂದೆಯೇ ಬಂದ.

"ಎಂತ ಅಂದೆ ಅವ್ರಿಗೆ?"

"ಎಂತದೂ ಅನ್ಲಿಲ್ಲೆ." ಪದ್ದು ಹಂಡೆಯ ನೀರಿಗೆ ಕೈಯದ್ದಿ ನೋಡಿದಳು. "ನಿಂಗೆ ಬತ್ತಾ ಮಗಾ?"

"ಎಂತ?"

"ದೈವ."

ಚಂದ್ರ ಗೋಡೆಗೆ ಒರಗಿದ. "ನಿಂತ್ರೆ ಬತ್ತ್. ಎಲ್ಲರಿಗೂ ಹಾಂಗೇ ಅಲ್ದಾ?"

"ಬಾರ್ದಿದ್ರೆ?"

"ಬಾರ್ದಿದ್ರೆ ನಡ್ಗುದ್ ಎಂತ ದೊಡ್ಡ ಕೆಲ್ಸ ಅಮ್ಮ? ಕೊಲ್ಲೂರಂಗೆ ದಿನಾ ಜೀಪ್ ಬಿಟ್ಟ್ ಬಿಟ್ಟ್ ನನ್ ಮೈ ಹಾಂಗೂ ನಡ್ಗತ್ತ್."

ತಮಾಷೆಯೆಂದು ಹೇಳಿದ್ದು ತಮಾಷೆಯಾಗಿ ಬರಲಿಲ್ಲ. ತಾಯಿ ನಗದಿದ್ದುದನ್ನು ನೋಡಿ ಅವನ ದನಿ ಇಳಿಯಿತು. ಅಕ್ಕಿಮುಡಿಯ ಆಸೆ ತನಗಿಲ್ಲ ಎಂದ. ಜೀಪಿನ ಬಾಡಿಗೆ ಯಾತ್ರಿಕರ ಸೀಸನ್ನಿನಲ್ಲಿ ಮಾತ್ರ, ಆದರೂ ಹೊಟ್ಟೆಗೆ ಸಾಲುತ್ತದೆ ಎಂದ. ಆಮೇಲೆ ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದ.

"ಶಾಲಿಯಂಗೆ ಮಕ್ಳ್ ನನ್ನ ಎಂತ ಕರೀತಿದ್ರ್ ಗೊತ್ತಿತ್ತಾ ನಿಂಗೆ? ಬಾರದ ಪಾತ್ರಿ ಮಗ ಅಂದೇಳಿ. ಈಗ್ಲೂ ಜೀಪ್ ಸ್ಟ್ಯಾಂಡಂಗೆ ಒಬ್ಬ ಹಾಂಗೇ ಕರೀತ. ಇವತ್ತ್ ನಿನ್ ಒಂದ್ ಮಾತಿಗೆ ಅದ್ ಮುಗಿತ್ತ್."

ಪದ್ದುವಿಗೆ ಅದು ಗೊತ್ತಿರಲಿಲ್ಲ. ಮನೆಗೆ ಬಂದು ಒಂದು ದಿನವೂ ಹೇಳಿರಲಿಲ್ಲ ಹುಡುಗ. ಹಂಡೆಯ ಮೇಲಿನ ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು. ಇತ್ತು ಎಂದರೆ ಏನು ಹೋಗುತ್ತದೆ? ಮೊದಲು ಇದ್ದದ್ದಂತೂ ಹೌದು. ಸತ್ತವನಿಗೆ ಕೇಳುವುದಿಲ್ಲ. ಬದುಕಿರುವವನ ಬೆನ್ನ ಮೇಲಿನ ಹೊರೆ ಇಳಿಯುತ್ತದೆ.

"ಆಯ್ತ್, ನೀರ್ ತಕಂಡ್ ಹೋಗ್" ಎಂದಳು. ಅದನ್ನು ಚಂದ್ರ ಒಪ್ಪಿಗೆಯೆಂದೇ ತಿಳಿದುಕೊಂಡ. ಅವಳೂ ಅಲ್ಲವೆನ್ನಲಿಲ್ಲ.

*

ಪಟ್ಟೆ ಹಿಂದಕ್ಕೆ ಕೊಟ್ಟ ವರ್ಷ, ಬಚ್ಚ ಯಾರದೋ ತೋಟಕ್ಕೆ ಪಾಗಾರ ಕಟ್ಟುತ್ತಿದ್ದ. ಪದ್ದು ಗಂಜಿ ಒಯ್ದಿದ್ದಳು. ಮುತ್ತು ಊರು ಬಿಟ್ಟಾಗಿನಿಂದ ಪದ್ದು ಗಂಡನೊಡನೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು. ಅವತ್ತು ಕಟ್ಟೆ ಒಡೆಯಿತು. ಊರವರ ದನ ಕರು, ಮದುವೆ ಮುಂಜಿಗೆಲ್ಲ ನುಡಿ ಕೊಟ್ಟ ಬಾಯಿಗೆ ಒಬ್ಬ ಬಡವಿಯ ಪಾಲಿನ ಒಂದು ಸುಳ್ಳು ಭಾರವಾಯಿತೇ ಎಂದು ಕೇಳಿದಳು. ಅವಳು ಕದ್ದಿಲ್ಲವೆಂದು ನಿಮಗೆ ಗೊತ್ತಿತ್ತು, ದೈವದ ದನಿಯಲ್ಲಿ ಅದನ್ನೇ ಹೇಳಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

ಬಚ್ಚ ಕಲ್ಲನ್ನು ಕೆಳಗಿಟ್ಟು, ಅಂಗೈಯ ಕೆಂಪು ಹುಡಿ ಕೊಡವಿಕೊಂಡ.

"ದೈವ ಬಪ್ಪ ಹೊತ್ತಿಗೆ ನಂಗ್ ಗೊತ್ತಾತಿತ್ ಪದ್ದು. ಬೆನ್ನಂಗೆ ಒಂದ್ ತಂಪ್ ಹತ್ತಿ ಬತ್ತಿತ್, ಆಮೇಲೆ ನಾನ್ ಇರ್ತಿರ್ಲಿಲ್ಲೆ. ಅದ್ ಗೊತ್ತಿದ್ದದ್ಕೇ ಬಾರದ್ದೂ ಗೊತ್ತಾಯ್ತ್. ಬಾರದ್ನ ಬಂತ್ ಅಂದ್ರೆ, ಮುಂಚೆ ಬಂದದ್ದೂ ಸುಳ್ಳಾತಿತ್."

"ನಿಮ್ ದೈವ ಉಳೀತ್. ಮುತ್ತುದ್ ಅನ್ನ ಹೋಯ್ತಲ್ಲೆ?"

ಬಚ್ಚ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಮತ್ತೆ ಕಲ್ಲು ಎತ್ತಿದ. ಆಮೇಲೆ ಅವರಿಬ್ಬರೂ ಆ ಮಾತೆತ್ತಲಿಲ್ಲ. ಸಂಸಾರ ಸರಿಯಾಯಿತು, ನಗು ಬಂತು, ಮಳೆಗಾಲ ಬೇಸಗೆ ಕಳೆದವು. ಆದರೆ ಪದ್ದುವಿನ ಪ್ರಶ್ನೆ ಅಲ್ಲೇ ಆ ಪಾಗಾರದ ಬುಡದಲ್ಲೇ ಉಳಿಯಿತು.

*

ಹೆಣಕ್ಕೆ ನೀರು ಹಾಕಿ, ಮೈ ಒರೆಸಿ, ಅಂಗಳಕ್ಕೆ ತಂದು ಮಲಗಿಸಿದರು. ನೆಂಟರು ಒಬ್ಬೊಬ್ಬರಾಗಿ ತಾವು ತಂದ ಬಿಳಿ ಬಟ್ಟೆ ಹೊದೆಸಿ ಕೈಮುಗಿದು ಸರಿಯುತ್ತಿದ್ದರು. ಆಗ ಹಿಂಬದಿಯ ಗದ್ದೆಯಂಚಿನಿಂದ ಒಬ್ಬಳು ಬಂದಳು. ತಲೆ ಅರ್ಧ ನರೆತಿದೆ, ಕೈಯಲ್ಲಿ ಬಟ್ಟೆಯ ಅಂಗಡಿಯ ಪ್ಲಾಸ್ಟಿಕ್ ಚೀಲ. ಅಂಗಳದ ಮೂಲೆಯಲ್ಲಿ ನಿಂತು, ಮುಂದೆ ಬರಬಹುದೋ ಬಾರದೋ ಎಂದು ನೋಡುತ್ತಿದ್ದಳು. ಅಪ್ಪಿಗೆ ಗುರುತು ಸಿಗಲಿಲ್ಲ. ಪದ್ದುವಿಗೆ ಸಿಕ್ಕಿತು.

"ಮುತ್ತು" ಎಂದಳು.

ಮುತ್ತು ಬೈಂದೂರಿನ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಮಾಡಿಕೊಂಡಿದ್ದಳು. ಮಗ ದೊಡ್ಡವನಾಗಿದ್ದಾನೆ, ಅವನೇ ಫೋನಿನಲ್ಲಿ ಸುದ್ದಿ ನೋಡಿ ಹೇಳಿದನಂತೆ. ರಜೆ ಹಾಕಿ, ಬಸ್ಸು ಬದಲಿಸಿ ಬಂದಿದ್ದಳು. ಮೊಕ್ತೇಸರರ ಕಾರು ಕಂಡು ಮುಂದಿನ ದಾರಿ ಬಿಟ್ಟು ಗದ್ದೆಯಂಚಿನಿಂದ ಬಂದಳು. ಪದ್ದು ಅವಳ ಕೈ ಹಿಡಿದು ಜಗಲಿಯ ಕಂಬದ ಮರೆಗೆ ಕರೆದುಕೊಂಡು ಹೋದಳು. ಅವತ್ತು ಪಾಗಾರದ ಬಳಿ ಗಂಡನನ್ನು ಕೇಳಿದ್ದಕ್ಕೆ ಈಗ ಗಂಡನ ಪರವಾಗಿ ತಾನೇ ಉತ್ತರ ಹೇಳಬೇಕಾಗಿತ್ತು.

"ನಿಂಗೆ ಅವ್ರ್ ಒಂದ್ ಮಾತ್ ಹೇಳುಕ್ ಆಯ್ಲಿಲ್ಲೆ ಮುತ್ತು. ಮನ್ಸಂಗೆ ಇಟ್ಕಣ್ಬೇಡ."

ಮುತ್ತು ಅರ್ಥವಾಗದವಳಂತೆ ನೋಡಿದಳು. "ಹೇಳಿರ್ ಅಲ್ದಾ ಪದ್ದಕ್ಕ?"

"ದೈವದ್ ಬಾಯಗೆ ಬರ್ಲಿಲ್ಲೆ ಅಂದದ್ ನಾನ್."

"ಸಿಟ್ ಇತ್ತ್ ನಂಗೆ" ಎಂದಳು ಮುತ್ತು. "ಸುಮಾರ್ ವರ್ಷ ಇತ್ತ್. ಮಗಿಗೆ ಹಾಲಿಲ್ದಿದ್ ದಿನ ಅವ್ರನ್ನೇ ಬೈತಿದ್ದೆ. ಸುಳ್ ಹೇಳೂದಿಲ್ಲೆ ನಿಮ್ಗೆ." ಅವಳು ಚೀಲದ ಬಾಯಿಯನ್ನು ಮಡಚಿ ಬಿಡಿಸಿ ಮಾಡುತ್ತಿದ್ದಳು. "ಆಮೇಲೆ ಆಲೋಚ್ನಿ ಬಂತ್. ದೈವ ಹೇಳಿರೆ ಊರ್ ದೈವಕ್ ಹೆದ್ರಿ ಸುಮ್ನಾತಿತ್. ನನ್ನ ನಂಬ್ತಿರ್ಲಿಲ್ಲೆ. ಅಷ್ಟ್ ಜನದಂಗೆ ನನ್ನ ನಂಬಿದ್ದ್ ಒಬ್ರೇ, ಅದೂ ತನ್ ಹೆಸ್ರ್ ಹೇಳ್ಕಂಡ್. ಅದೊಂದ್ ತಕಂಡೇ ನಾನ್ ಅವತ್ ಬಸ್ ಹತ್ತಿದ್ದ್."

ಪದ್ದು ಕಂಬ ಹಿಡಿದುಕೊಂಡಳು.

ಮುತ್ತು ಅಂಗಳಕ್ಕಿಳಿದು, ಚೀಲದಿಂದ ಬಿಳಿ ಬಟ್ಟೆ ತೆಗೆದು, ಬಚ್ಚನ ಎದೆಯ ಮೇಲೆ ಹೊದೆಸಿ, ಅಂಚನ್ನು ಎರಡೂ ಕಡೆ ಸರಿಮಾಡಿದಳು. ರಾಜೇಂದ್ರರು ದಣಪೆಯ ಆಚೆಯಿಂದ ಅವಳನ್ನು ನೋಡಿದರು. ಗುರುತು ಹಿಡಿದರು ಎಂದು ಅವರು ಕಣ್ಣು ತೆಗೆದ ರೀತಿಯಲ್ಲೇ ತಿಳಿಯುತ್ತಿತ್ತು.

ಬಟ್ಟೆ ಹೊದೆಸುವುದು ಮುಗಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡು, ಕಟ್ಟಳೆಯಂತೆ ಎತ್ತರದ ದನಿಯಲ್ಲಿ ಕೇಳಿದರು:

"ಈ ಮೈಯಲ್ಲಿ ದೈವ ಕಡೆಯವರೆಗೆ ಇತ್ತೋ?"

ಹರಿವಾಣ ಹೊತ್ತವನು ಒಂದು ಹೆಜ್ಜೆ ಮುಂದೆ ಬಂದ. ಚಂದ್ರ ತಾಯಿಯನ್ನೇ ನೋಡುತ್ತಿದ್ದ. ಪದ್ದು ಗಂಡನ ತಲೆಯ ಹತ್ತಿರ ಬಂದು ನಿಂತಳು. ಮುತ್ತು ಸರಿಮಾಡಿದ ಬಟ್ಟೆಯ ಅಂಚಿನ ಮೇಲೆ ಕೈಯಿಟ್ಟು ಹೇಳಿದಳು.

"ಮೊದ್ಲ್ ಇತ್ತ್. ಕಡಿಗೆ ಇರ್ಲಿಲ್ಲೆ. ಅವ್ರೇ ಹೇಳಿರ್, ನೀವೆಲ್ಲ ಕೇಂಡಿದ್ರಿ. ನಾನ್ ಬೇರೆ ಹೇಳುಕಾಗ."

ರಾಜೇಂದ್ರರು ದನಿ ತಗ್ಗಿಸಿ, ದುಃಖದಲ್ಲಿ ಹೇಳಿದ ಮಾತು ಹಿಡಿಯುವುದಿಲ್ಲ, ಇನ್ನೊಮ್ಮೆ ಯೋಚಿಸಿ ಹೇಳಿ ಎಂದರು. ಪದ್ದು ಯೋಚಿಸಿಯೇ ಹೇಳಿದ್ದೆಂದಳು. ಹಾಗಾದರೆ ಹರಿವಾಣ ಇಲ್ಲೇ ಇರಲಿ, ಚಿತೆಗೆ ಇಡುವವರೆಗೆ ಹೊತ್ತಿದೆ ಎಂದರು ಅವರು.

"ಇವ್ಳೂ ಗಂಡನ ಹಾಂಗೇ ಆಯ್ಬಿಟ್ಲ್" ಎಂದಳು ಅಪ್ಪಿ. ಬೈದಳೋ ಹೊಗಳಿದಳೋ, ಅವಳಿಗೂ ಗೊತ್ತಿರಲಿಕ್ಕಿಲ್ಲ.

ಚಂದ್ರ ತಾಯಿಯ ಪಕ್ಕದಲ್ಲೇ ಹಾದು ಬಾವಿಯ ಕಡೆಗೆ ಹೋದ. ಅವಳ ಮುಖ ನೋಡಲಿಲ್ಲ. ಪದ್ದುವಿಗೆ ಅದು ಗಂಡ ಸತ್ತದ್ದಕ್ಕಿಂತ ಹತ್ತಿರದ ನೋವಾಗಿ ತಾಗಿತು. ಒಬ್ಬನನ್ನು ಕಳಿಸುವ ದಿನವೇ ಇನ್ನೊಬ್ಬನನ್ನೂ ಕಳೆದುಕೊಂಡೆನೋ ಎಂದುಕೊಂಡಳು.

*

ಚಿತೆಯನ್ನು ಹಿತ್ತಲಿನಾಚೆ, ಗದ್ದೆಯ ಮೂಲೆಯಲ್ಲಿ ಒಟ್ಟಿದ್ದರು. ಹಸಿ ಮಾವಿನ ಕೊಂಬೆಗಳ ಅಡಿಗೆ ಒಣ ಕಟ್ಟಿಗೆ, ತೆಂಗಿನ ಗೆರಟೆ. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇಲ್ಲ. ಪದ್ದು ಹಿತ್ತಲಿನ ಅಂಚಿಗೆ ಬಂದು ನಿಂತಳು. ಮುತ್ತು ಮತ್ತು ಅಪ್ಪಿ ಅವಳ ಎರಡು ಪಕ್ಕಕ್ಕೆ.

ಪುಷ್ಯದ ಗಾಳಿ ಬೀಸುತ್ತಿತ್ತು. ಚಂದ್ರ ಬಾವಿಯ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ, ಹೆಗಲ ಮೇಲೆ ನೀರಿನ ಮಡಕೆಯಿಟ್ಟು ಚಿತೆಗೆ ಸುತ್ತು ಬಂದ. ಪ್ರತಿ ಸುತ್ತಿಗೆ ಹಿರಿಯನೊಬ್ಬ ಮಡಕೆಗೆ ಕತ್ತಿಯ ತುದಿಯಿಂದ ತೂತು ಮಾಡುತ್ತಿದ್ದ. ನೀರು ಚಂದ್ರನ ಬೆನ್ನಿನ ಮೇಲೆ ಇಳಿಯುತ್ತಿತ್ತು. ಕಡೆಗೆ ಮಡಕೆಯನ್ನು ಹಿಂದಕ್ಕೆ ಬಿಟ್ಟ. ಒಡೆಯಿತು. ಮುಖ ತಿರುಗಿಸಿಕೊಂಡು ಬೆಂಕಿ ಇಟ್ಟ. ಗೆರಟೆ ಚಟಚಟ ಎಂದು ಹತ್ತಿಕೊಂಡಿತು.

ಅವನು ಅಲ್ಲೇ ನಿಂತ. ಮೊದಲು ಹೆಗಲು ಅದುರಿತು. ಆಮೇಲೆ ಎರಡೂ ಕೈ. ಆಮೇಲೆ ಇಡೀ ಮೈ, ಹಿಡಿದು ಅಲ್ಲಾಡಿಸಿದ ಹಾಗೆ.

"ಬಂತ್" ಎಂದ ಯಾರೋ.

ಆ ಒಂದು ಮಾತಿಗೆ ಗಂಡಸರೆಲ್ಲ ಹಿಂದೆ ಸರಿದು ಸುತ್ತ ಜಾಗ ಬಿಟ್ಟರು. ಒಬ್ಬ ಕೈಮುಗಿದ. ಅವನನ್ನು ನೋಡಿ ಉಳಿದವರೂ ಮುಗಿದರು. ದೂರದ ಗದ್ದೆಯಂಚಿನಲ್ಲಿ ನಿಂತಿದ್ದ ರಾಜೇಂದ್ರರು ಪಂಚೆ ಎತ್ತಿಕೊಂಡು ಮುಂದೆ ಬಂದರು. ಹಿಂದೆ ಹರಿವಾಣ ಬಂತು. ಮನೆಯವರು ಇಲ್ಲವೆಂದರೂ ದೈವವೇ ಬಂದು ಕುಳಿತ ಮೇಲೆ ಕೇಳುವವರು ಯಾರು?

ಪದ್ದು ಮಗನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಪಾತ್ರಿಯ ಹೆಂಡತಿಯಾಗಿದ್ದರೂ ಆ ನಡುಕ ಯಾವುದೆಂದು ಅವಳಿಗೆ ತಿಳಿಯಲಿಲ್ಲ. ದೂರದಿಂದ ನೋಡುವವರಿಗೆ ಎಲ್ಲ ನಡುಕವೂ ಒಂದೇ. ಒಳಗಿದ್ದವನಿಗಷ್ಟೇ ಗೊತ್ತು. ಅವನು ಈಗ ಸುಮ್ಮನೆ ನಿಂತರೂ ಸಾಕಿತ್ತು. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ.

ಚಂದ್ರ ತಲೆಯೆತ್ತಿದ. ಸುತ್ತ ಕೈಮುಗಿದು ನಿಂತವರನ್ನು ಕಂಡ. ಅವರಲ್ಲಿ ಜೀಪು ಸ್ಟ್ಯಾಂಡಿನವನೂ ಇದ್ದ. ಅವನ ಕೈಯೂ ಮುಗಿದಿತ್ತು. ಚಂದ್ರ ಬಹಳ ಹೊತ್ತು ಆ ಕೈಗಳನ್ನು ನೋಡಿದ.

"ಕೈ ಬಿಡಿ" ಎಂದ. ಹಲ್ಲು ಕಟಕಟಿಸುತ್ತಿತ್ತು, ಆದರೂ ಹಿತ್ತಲಿನವರೆಗೆ ಕೇಳಿಸಿತು. "ಎಂತದೂ ಬರ್ಲಿಲ್ಲೆ. ಅಪ್ಪಯ್ಯ ಹೋದ್ರಲ್ಲೆ, ಅದ್ಕೆ. ಒಂದ್ ಬೈರಾಸ್ ಕೊಡಿ ಯಾರಾರೂ."

ಮುಗಿದ ಕೈಗಳು ಒಂದೊಂದಾಗಿ ಇಳಿದವು. ಬೈರಾಸು ಕೊಡಲು ಯಾರಿಗೂ ತಕ್ಷಣ ತೋಚಲಿಲ್ಲ. ಆಮೇಲೆ ಜೀಪು ಸ್ಟ್ಯಾಂಡಿನವನೇ ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಕೊಟ್ಟ. ಚಂದ್ರ ಅದನ್ನು ಮುಖಕ್ಕೆ ಒತ್ತಿಕೊಂಡ, ನಿನ್ನೆಯಿಂದ ಬಾರದೆ ಇದ್ದ ಅಳು ಆಗ ಬಂತು. ಜೋರಾಗಿಯೇ ಅತ್ತ.

ಹರಿವಾಣ ಹೊತ್ತವನು ಪಟ್ಟೆಯ ಮೇಲೆ ಬಾಳೆಲೆ ಮುಚ್ಚಿಕೊಂಡು ರಾಜೇಂದ್ರರ ಹಿಂದೆ ಕಾರಿನ ಕಡೆಗೆ ಹೊರಟ. ಪಾತ್ರಿತನ ಆ ಮನೆಯಿಂದ ಹೋಯಿತು. ಅಕ್ಕಿಮುಡಿ ಹೋಯಿತು, ಹಬ್ಬದ ದಿನ ಎದುರಿನ ಸಾಲಿನಲ್ಲಿ ನಿಲ್ಲುವ ಮರ್ಯಾದೆ ಹೋಯಿತು. ಬಚ್ಚ ಹೋದ. ಮಗ ಬೈರಾಸಿನಲ್ಲಿ ತಲೆ ಒರೆಸಿಕೊಳ್ಳುತ್ತ, ಬೆಂಕಿಗೆ ಬೆನ್ನು ಹಾಕಿ, ಗದ್ದೆಯನ್ನು ಅಡ್ಡ ದಾಟಿ ತಾಯಿಯ ಕಡೆಗೆ ನಡೆದುಬರುತ್ತಿದ್ದ.